ಗಾಡಿ ನೀರು ಎಲ್ಲಿ ಹೋಗತಿತ್ತು?

ಹೋದ ಸಲ ಜೋಳದ ಹಿಟ್ಟಿಗೆ ಹುಳಾ ಬೀಳದಂಗ ಇಡೂದು ಹೆಂಗ ಅಂತ ಬರದಿದ್ದೆ. ಈ ಸಲ ಅಡಗಿಮನಿ ಬಿಟ್ಟು ಅಂಗಳಕ್ಕ ಬಂದೀನಿ. ಅಂಗಳದಾಗ ನಮ್ಮ ಕಾರು ನಿಂತೈತಿ, ಹನ್ನೊಂದು ವರ್ಷದ ಹಳೇ ಗಾಡಿ. ಅದರ ಬಾನೆಟ್ ಎತ್ತಿದ್ರ ಒಂದು ಮೂಲ್ಯಾಗ ಬೆಳ್ಳನ ಪ್ಲಾಸ್ಟಿಕ್ ಬಾಟ್ಲಿ ಕಾಣತೈತಿ. ಬಾಟ್ಲಿ ಮ್ಯಾಲ ಎರಡು ಗೆರಿ. ಒಳಗಿನ ಹಸರು ನೀರು ಆ ಎರಡು ಗೆರಿ ನಡುವ ಇರಬೇಕು. ಅದಕ್ಕ ಕೂಲಂಟ್ ಅಂತಾರ, ಇಂಜಿನ್ ತಣ್ಣಗ ಇಡೋ ನೀರು. ನಮ್ಮನ್ಯಾಗ ಅದು ವಾರಕ್ಕೊಂದು ಚಾದ ಕಪ್ಪಿನಷ್ಟು ಕಡಿಮಿ ಆಗಲಿಕ್ಕೆ ಹತ್ತಿತ್ತು. ನೆಲದ ಮ್ಯಾಲ ಒಂದು ಹನಿ ಇಲ್ಲ, ಹೊಗಿ ಇಲ್ಲ, ಗಾಡಿ ಕಾದು ನಿಂತದ್ದೂ ಇಲ್ಲ. ನೀರು ಮಾತ್ರ ಇರತಿರಲಿಲ್ಲ.

ಬರೇ ಗಾಡಿ ಸುದ್ದಿ ಆಗಿದ್ರ ನಾ ಬರೀತಿರಲಿಲ್ಲ. ಈ ನೀರಿನ ಸಲುವಾಗಿ ನಾವು ಒಬ್ಬ ಹುಡುಗನ ಮ್ಯಾಲ ಕಳ್ಳತನ ಹೊರಿಸಿದ್ವಿ. ಅದಕ್ಕ ಬರೀಲಿಕ್ಕೆ ಕೂತೀನಿ.

ನಮ್ಮ ಓಣಿ ಹುಡುಗ, ಹೆಸರು ಬ್ಯಾಡ. ನಮ್ಮವರಿಗೆ ಕಣ್ಣಿನ ಆಪರೇಶನ್ ಆದ ಮ್ಯಾಲ ಹುಬ್ಬಳ್ಳಿಗೆ, ಧಾರವಾಡಕ್ಕ ಹೋಗೂದಿದ್ರ ಅವನ ಗಾಡಿ ಹೊಡೀತಿದ್ದ. ಗಾಡಿ ತೊಳೆಯೋದು, ಗಾಳಿ ನೋಡೋದು, ಕೂಲಂಟ್ ಡಬ್ಬಿ ತಂದು ಹಾಕೋದು ಎಲ್ಲಾ ಅವನ ಕೈಯಾಗ. ಒಂದು ತಿಂಗಳಾಗ ಎರಡನೇ ಡಬ್ಬಿಗೆ ರೊಕ್ಕ ಕೇಳಿದಾಗ ನಮ್ಮವರ ಮುಖ ಬದಲಾತು. ‘ನೆಲಾ ಒಣಗೇತಿ, ಹೊಗಿ ಇಲ್ಲ. ಮತ್ತ ನೀರು ಎಲ್ಲಿ ಹೋತು? ನೀ ಹಾಕಿದ್ರಲ್ಲೇನು ಇರೋದು?’ ಅಂದ್ರು. ಹುಡುಗ ಏನೋ ಹೇಳಲಿಕ್ಕೆ ಬಂದ. ಇವರು ಕೇಳಲಿಲ್ಲ. ನಾನೂ ಒಳಗ ರೊಟ್ಟಿ ಬಡಿತಿದ್ದೆ, ಹೊರಗ ಬರಲಿಲ್ಲ. ಗಾಡಿ ಕೀಲಿ ಕಟ್ಟಿ ಮ್ಯಾಲ ಇಟ್ಟು ಹೋದಾಂವ ಮತ್ತ ಬರಲಿಲ್ಲ.

ಮೊದಲ ಹಿಂಗ ಇರಲಿಲ್ರೀ. ಗಾಡಿ ನೀರು ಕಡಿಮಿ ಆತು ಅಂದ್ರ ಯಾರೂ ಯಾರ ಮ್ಯಾಲೂ ಸಂಶಯ ಪಡತಿರಲಿಲ್ಲ.

ನಾ ಯಮನೂರಿಗೆ ಸೊಸಿ ಆಗಿ ಬಂದದ್ದು 1989ರಾಗ. ನಮ್ಮೂರು ಗೊತ್ತಿಲ್ಲದವರಿಗೆ ಹೇಳತೀನಿ. ನವಲಗುಂದ ತಾಲೂಕಿನಾಗ ಬೆಣ್ಣೆಹಳ್ಳದ ದಂಡಿ ಮ್ಯಾಲಿನ ಊರು. ಚಾಂಗದೇವರು ಅಂತ ಹಿಂದೂ ಮಂದಿ, ರಾಜಾಬಾಗಸವಾರ ಅಂತ ಮುಸಲ್ಮಾನ ಮಂದಿ, ಇಬ್ಬರೂ ಒಂದ ಜಾಗಾಕ್ಕ ನಡಕೋತಾರ. ಹೋಳಿ ಹುಣ್ಣಿವಿ ಆದ ಮ್ಯಾಲ ಜಾತ್ರಿ. ಹಳ್ಳದಾಗ ಜಳಕಾ ಮಾಡಿದ್ರ ಮೈ ಮ್ಯಾಲಿನ ತುರಿ ಕಜ್ಜಿ ಹೋಗತಾವ ಅಂತ ನಂಬಿಗಿ. ಜಾತ್ರಿ ಹೊತ್ತಿಗೆ ಬಿಸಲು ಚುರುಚುರು ಅಂತಿರತೈತಿ. ಆಗ ಬರೋ ಜೀಪು, ಲಾರಿ, ಟೆಂಪೋ ಎಲ್ಲಾ ಬಾನೆಟ್ ತಕ್ಕೊಂಡು ಸಾಲಾಗಿ ನಿಂತಿರತಿದ್ವು. ಒಂದೊಂದರ ಮೂಗಿನ್ಯಾಗಿಂದ ಭಸ್ ಅಂತ ಉಗಿ. ಡ್ರೈವರ್ ಹಸಿ ಅರಬಿ ಮುಚ್ಚಿ, ಮುಖಾ ಆ ಕಡೆ ಹೊಳ್ಳಿಸಿ ಮುಚ್ಚಳಾ ತಿರುವತಿದ್ದ. ಹುಡುಗರು ಕೊಡದಾಗ ಹಳ್ಳದ ನೀರು ತಂದು ಸುರಿವ್ಯಾರು. ಕಾದ ಇಂಜಿನ್ನಿಗೆ ಒಮ್ಮೆಲೆ ತಣ್ಣೀರು ಹಾಕಬ್ಯಾಡ್ರೋ, ಸೀಳತೈತಿ ಅಂತ ತಿಳಿದಾಂವ ಒದರತಿದ್ದ. ನೀರು ಎಲ್ಲಿ ಹೋತು ಅಂತ ಕೇಳೋ ಜರೂರೇ ಇರಲಿಲ್ಲ. ಉಗಿ ಆಗಿ ಮ್ಯಾಲ ಹೋಗೂದು ಎಲ್ಲಾರ ಕಣ್ಣಿಗೂ ಕಾಣತಿತ್ತು.

ನನ್ನ ತವರು ಕುಂದಗೋಳ ಕಡೆ. ಅಲ್ಲೆ ಗಿರಣಿಯೊಳಗ ಎಣ್ಣಿ ಇಂಜಿನ್ ಇತ್ತು. ಜೋಳದ ಬುಟ್ಟಿ ತಲಿ ಮ್ಯಾಲ ಹೊತ್ತು ಅವ್ವನ ಹಿಂದ ಹೋಗತಿದ್ದೆ. ಇಂಜಿನ್ ಬಾಜೂಕ ಒಂದು ದೊಡ್ಡ ನೀರಿನ ಟಾಕಿ, ಅದಕ್ಕೂ ಇಂಜಿನ್ನಿಗೂ ಎರಡು ಪೈಪು. ಮ್ಯಾಲಿನ ಪೈಪಿನಿಂದ ಬಿಸಿನೀರು ಟಾಕಿಗೆ ಬರತಿತ್ತು, ಕೆಳಗಿನ ಪೈಪಿನಿಂದ ತಣ್ಣೀರು ಇಂಜಿನ್ನಿಗೆ ಹೋಗತಿತ್ತು. ನೀರು ತಿರಗಲಿಕ್ಕೆ ಪಂಪಿಲ್ಲ, ಏನಿಲ್ಲ. ಹಂಡೇದಾಗ ಕಾದ ನೀರು ಮ್ಯಾಲ ಬರತೈತಲ್ಲ, ಅದ ತತ್ವ. ಥರ್ಮೋಸೈಫನ್ ಅಂತ ಅದಕ್ಕ ಹೆಸರು. ಚಳಿಗಾಲದಾಗ ಹೆಣ್ಮಕ್ಕಳು ಆ ಟಾಕಿಗೆ ಕೈ ಹಚ್ಚಿ ಬೆಚ್ಚಗ ಮಾಡ್ಕೋತಿದ್ರು. ಸಂಜೀಕ ಗಿರಣಿಯಂವ ಎರಡು ಕೊಡ ನೀರು ಹಾಕತಿದ್ದ, ಮುಗೀತು. ನಮ್ಮ ಕಡೆ ಇಂಥಾ ಇಂಜಿನ್ ಅಂದ್ರ ಕಿರ್ಲೋಸ್ಕರ ಅನ್ನೋ ಹೆಸರು ನೆನಪಾಗತೈತಿ. ಲಕ್ಷ್ಮಣರಾವ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಾಗ, 1869ರಾಗ. 1888ರಾಗ ಬೆಳಗಾವಿಯೊಳಗ ಸೈಕಲ್ ಅಂಗಡಿಯಿಂದ ಅವರ ಉದ್ಯೋಗ ಶುರು ಆತು. ಆಮ್ಯಾಲ ನೇಗಿಲು ಬಂತು, ಪಂಪು ಬಂತು, 1946ರಾಗ ಪುಣೇದಾಗ ಎಣ್ಣಿ ಇಂಜಿನ್ ಕಂಪನಿ ಬಂತು.

ಅದ 1888ರಾಗ, ಆಗಸ್ಟ್ ತಿಂಗಳಾಗ, ಜರ್ಮನಿ ದೇಶದಾಗ ಇನ್ನೊಂದು ಸಂಗತಿ ನಡೀತು. ಕಾರ್ಲ್ ಬೆಂಜ್ ಅನ್ನಾಂವ 1886ರ ಜನವರಿ 29ಕ್ಕ ಮೂರು ಗಾಲಿ ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದ್ದ. ಗಾಡಿ ಇತ್ತು, ಆದ್ರ ಮಂದಿಗೆ ನಂಬಿಗಿ ಇರಲಿಲ್ಲ. ಅವನ ಹೆಂಡತಿ ಬರ್ಥಾ ಬೆಂಜ್. ಆಕಿ ವರದಕ್ಷಿಣಿ ರೊಕ್ಕದಾಗ ಅವನ ಕಾರಖಾನಿ ಉಳಿದಿತ್ತು. ಆಕಿ ಒಂದು ಮುಂಜಾನೆ ಗಂಡಗ ಹೇಳದ, ತನ್ನ ಇಬ್ಬರು ಗಂಡಮಕ್ಕಳನ್ನ ಕರಕೊಂಡು, ಮ್ಯಾನ್‌ಹೈಮ್ ಊರಿಂದ ಫೋರ್ಜ್‌ಹೈಮ್ ಊರಿಗೆ ಗಾಡಿ ಹೊಡಕೊಂಡು ಹೋದಳು. 100 ಕಿಲೋಮೀಟರಿಗೂ ಹೆಚ್ಚು. ಹೋದದ್ದು ಎಲ್ಲಿಗೆ ಗೊತ್ತೇನ್ರಿ? ತವರುಮನಿಗೆ. ಇದನ್ನ ಓದಿ ನಾ ಒಬ್ಬಾಕಿನ ನಕ್ಕೆ. ಜಗತ್ತಿನಾಗ ಕಾರಿನ್ಯಾಗ ದೂರದ ಊರಿಗೆ ಮೊದಲ ಹೋದಾಕಿ ಒಬ್ಬ ಮನಿವಾಳ್ತೆ ಹೆಣ್ಮಗಳು, ಅದೂ ಅವ್ವನ್ನ ನೋಡಲಿಕ್ಕೆ.

ದಾರ್ಯಾಗ ಆಕಿಗೆ ಪಟ್ಟ ತ್ರಾಸ ಒಂದೆರಡಲ್ಲ. ಎಣ್ಣಿ ಪೈಪು ಕಟ್ಟಿದಾಗ ಟೊಪ್ಪಿಗಿ ಪಿನ್ನಿನಿಂದ ಬಿಡಿಸಿದಳು. ಇಂಧನ ಮುಗಿದಾಗ ವೀಸ್‌ಲೋಖ್ ಊರಿನ ಔಷಧಿ ಅಂಗಡಿಯೊಳಗ ಕೊಂಡಳು. ಬ್ರೇಕು ಸವದಾಗ ಚಮ್ಮಾರನ ಕಡಿಂದ ತೊಗಲು ಹಚ್ಚಿಸಿದಳು. ಎಲ್ಲಾಕ್ಕಿಂತ ಹೆಚ್ಚಿನ ಕೆಲಸ ಅಂದ್ರ ನೀರು ಹಾಕೋದು. ಆ ಗಾಡಿಗೆ ಈಗಿನಂಗ ರೇಡಿಯೇಟರ್ ಇರಲಿಲ್ಲ. ಇಂಜಿನ್ ಸುತ್ತ ಇರೋ ನೀರು ಕುದ್ದು ಉಗಿ ಆಗಿ ಹೋಗತಿತ್ತು, ಆ ಉಗಿ ಕಾವನ್ನ ಹೊತ್ತುಕೊಂಡು ಹೋಗತಿತ್ತು. ಹಂಗಾಗಿ ಬಾವಿ, ಹಳ್ಳ, ಖಾನಾವಳಿ ಎಲ್ಲೆ ನೀರು ಸಿಕ್ತೋ ಅಲ್ಲೆ ನಿಂದರಸಿ ತುಂಬಿಕೋಬೇಕು. ನೀರು ಕಳಕೊಳ್ಳೋದು ಆ ಗಾಡಿಯ ರೋಗ ಅಲ್ಲ, ಅದರ ಗುಣ.

ಅಲ್ಲಿಂದ ಮುಂದ ಕಾರಿನ ಇತಿಹಾಸದಾಗ ಒಂದು ದಾರಿ ಅಂದ್ರ ನೀರು ಉಳಿಸಿಕೊಳ್ಳೋ ದಾರಿ. 1901ರ ಮರ್ಸಿಡಿಸ್ ಗಾಡಿಗೆ ವಿಲ್‌ಹೆಲ್ಮ್ ಮೈಬಾಖ್ ಅನ್ನೋ ಇಂಜಿನಿಯರ್ ಜೇನಗೂಡಿನಂಥ ರೇಡಿಯೇಟರ್ ಮಾಡಿದ. 8,070 ಸಣ್ಣ ಚೌಕ ನಳಿಗೆ, ಒಂದೊಂದು 6 ಮಿಲಿಮೀಟರ್ ಅಗಲ. ನಳಿಗೆಯೊಳಗ ಗಾಳಿ ಹಾಯತೈತಿ, ಅವುಗಳ ನಡುವಿನ ಸಂದಿನ್ಯಾಗ ನೀರು ಹರೀತೈತಿ. ಚಾ ಆರಿಸಲಿಕ್ಕೆ ಬಸಿಗೆ ಹಾಕ್ತೀವಲ್ಲ, ಹಂಗ. ಮೈ ಅಗಲ ಆದಷ್ಟೂ ಲಗೂ ಆರತೈತಿ. ಅಷ್ಟು ದೊಡ್ಡ ಇಂಜಿನ್ನಿಗೆ 9 ಲೀಟರ್ ನೀರು ಸಾಕಾತು. ಕುದ್ದು ಹೋಗೋ ಬದಲಿ ಅದ ನೀರು ತಿರುಗಿ ತಿರುಗಿ ಬರೂಹಂಗ ಆತು.

1908ರಾಗ ಅಮೆರಿಕದ ಫೋರ್ಡ್ ಮಾಡೆಲ್ ಟಿ ಬಂತು. ಮೊದಲಿನ ಒಂದಿಷ್ಟು ಗಾಡಿ ಬಿಟ್ಟರ ಅದಕ್ಕೂ ನೀರಿನ ಪಂಪು ಇರಲಿಲ್ಲ, ನಮ್ಮ ಗಿರಣಿ ಟಾಕಿಯ ತತ್ವನ. ಒಂದೂವರೆ ಕೋಟಿ ಗಾಡಿ ಮಾರಿದ್ರು. ಗುಡ್ಡಾ ಏರುವಾಗ ಅವೂ ಕುದೀತಿದ್ವು.

ಕುದಿಯೋದನ್ನ ಹಿಡಿದದ್ದು ಮುಚ್ಚಳಾ. ಇದನ್ನ ಅಡಗಿಮನಿ ಹೆಣ್ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. 1679ರಾಗ ಡೆನಿ ಪಾಪಾಂ ಅನ್ನೋ ಫ್ರೆಂಚ್ ವಿದ್ವಾಂಸ ಲಂಡನ್ನಿನಾಗ ಉಗಿ ಕಟ್ಟಿಹಾಕಿ ಎಲುಬು ಮೆತ್ತಗ ಮಾಡೋ ಪಾತ್ರಿ ತೋರಿಸಿದ. ನಮ್ಮ ಕುಕ್ಕರಿನ ಮುತ್ತಜ್ಜ. ಒತ್ತಡ ಇದ್ದಲ್ಲೆ ನೀರು ನೂರು ಡಿಗ್ರಿಗೆ ಕುದಿಯೂದಿಲ್ಲ, ಸುಮಾರು ನೂರಾ ಇಪ್ಪತ್ತರ ತನಕ ತಡಿತೈತಿ. 1930, 40ರ ದಶಕದಾಗ ಕಾರಿಗೂ ಇಂಥಾ ಒತ್ತಡದ ಮುಚ್ಚಳಾ ಬರಲಿಕ್ಕೆ ಹತ್ತಿದ್ವು. ರಬ್ಬರಿನ ಗ್ಯಾಸ್ಕೆಟ್, ಸ್ಪ್ರಿಂಗು, ಒತ್ತಡ ಹೆಚ್ಚಾದ್ರ ತಕ್ಕೊಳ್ಳೋ ಬಾಯಿ. ಕುಕ್ಕರಿನ ಶಿಟ್ಟಿ ನೋಡಿದಾಕಿಗೆ ಇದು ಹೊಸಾದೇನಲ್ಲ. ಕುಕ್ಕರ್ ಶಿಟ್ಟಿ ಹೊಡೆಯೋವಾಗ ಯಾರಾದ್ರೂ ಮುಚ್ಚಳಾ ತಗೀತಾರೇನ್ರಿ? ಕಾದ ಗಾಡಿಯ ಮುಚ್ಚಳಾನೂ ಹಂಗ ತಗೀಬಾರದು. ಮುಖಾ ಸುಟ್ಟುಕೊಂಡವರು ಎಲ್ಲಾ ಊರಾಗೂ ಅದಾರ.

ನೀರೂ ಬದಲಾತು. ಥಂಡಿ ದೇಶದಾಗ ನೀರು ಹೆಪ್ಪುಗಟ್ಟಿ ಇಂಜಿನ್ ಒಡೀತೈತಿ ಅಂತ ಮೊದಲ ಆಲ್ಕೋಹಾಲ್ ಹಾಕತಿದ್ರು. ಅದು ಕಾವಿಗೆ ಹಾರಿಹೋಗತಿತ್ತು. 1927ರಾಗ ಎಥಿಲೀನ್ ಗ್ಲೈಕಾಲ್ ಅನ್ನೋ ದ್ರವ ಅಮೆರಿಕದ ಪೇಟೆಗೆ ಪ್ರೆಸ್ಟೋನ್ ಅನ್ನೋ ಹೆಸರಿನಾಗ ಬಂತು. ಅದು ಲಗೂ ಹಾರೂದಿಲ್ಲ. ಈಗಿನ ಕೂಲಂಟ್ ಬಹಳಷ್ಟು ಇದರಿಂದಾನ ಮಾಡಿದ್ದು. ಯಮನೂರಾಗ ನೀರು ಎಲ್ಲಿ ಹೆಪ್ಪುಗಟ್ಟತೈತಿ, ನಮಗ್ಯಾಕ ಇದು ಅಂತ ಕೇಳಬಹುದು. ಗ್ಲೈಕಾಲ್ ಕೂಡಿದ ನೀರು ಕುದಿಯೋ ಮಟ್ಟಾನೂ ಏರತೈತಿ, ಅದರಾಗ ತುಕ್ಕು ತಡಿಯೋ ಔಷಧಿನೂ ಇರತೈತಿ. ನಮಗ ಬೇಕಾದ್ದು ಇವ ಎರಡು.

ಕಡೀಕ ಬಾಟ್ಲಿ ಬಂತು. 1961ರಾಗ ಫ್ರಾನ್ಸಿನ ರೆನೋ 4 ಅನ್ನೋ ಸಣ್ಣ ಕಾರು ಪೂರಾ ಮುಚ್ಚಿದ ನೀರಿನ ವ್ಯವಸ್ಥಾ ಇಟ್ಕೊಂಡು ಬಂತು. ಈಗಿನ ಗಾಡ್ಯಾಗ ಕಾದಾಗ ಹಿಗ್ಗಿದ ನೀರು ಬಾಟ್ಲಿಗೆ ಹೋಗತೈತಿ, ಆರಿದಾಗ ತಿರುಗಿ ಒಳಗ ಬರತೈತಿ. ಒಂದು ಹನಿ ಹೊರಗ ಹೋಗಬಾರದು. ನಮ್ಮ ದೇಶದಾಗ 1958ರಿಂದ 2014ರ ತನಕ ಅಂಬಾಸಿಡರ್ ತಯಾರಾತು. ಹಳೇ ಅಂಬಾಸಿಡರ್ ಡ್ರೈವರ್ ಡಿಕ್ಕಿಯೊಳಗ ನೀರಿನ ಡಬ್ಬಿ ಇಡದ ಹೊರಬೀಳತಿರಲಿಲ್ಲ. 1983ರ ಡಿಸೆಂಬರಿನಾಗ ಮಾರುತಿ 800 ಬಂತು. ಅಂಥಾ ಗಾಡಿ ಹೆಚ್ಚಾದಂಗ ಬಾನೆಟ್ ಎತ್ತಿ ನಿಂತ ಗಾಡಿಗಳ ಸಾಲು ಸಾವಕಾಶ ಕರಗಿತು. ನಮ್ಮ ಜಾತ್ರ್ಯಾಗೂ ಈಗ ಉಗಿ ಬಿಡೋ ಗಾಡಿ ಅಪರೂಪ.

ಭಾಳ ಚೊಲೋ ಆತು. ಆದ್ರ ಒಂದು ಮಾತು ಹೇಳಬೇಕು. ನೀರು ಕಾಣೂಹಂಗ ಹೋಗತಿದ್ದ ಕಾಲದಾಗ ಅದು ಯಾರ ತಪ್ಪೂ ಆಗಿರಲಿಲ್ಲ. ಎಲ್ಲಾ ಮುಚ್ಚಿ ಭದ್ರ ಮಾಡಿದ ಮ್ಯಾಲ ನೀರು ಕಡಿಮಿ ಆದ್ರ ಒಳಗ ಏನಾಗೇತಿ ಅಂತ ಕಾಣಂಗಿಲ್ಲ. ಕಾಣದಿದ್ದಾಗ ಮನಶ್ಯಾ ಹುಡುಕೋದು ತೂತು ಅಲ್ಲ, ಕಳ್ಳನ್ನ.

ನಮ್ಮ ತಾಲೂಕಿನ ಮಂದಿಗೆ ಇದು ಗೊತ್ತಿರಬೇಕಿತ್ತು. ಮಲಪ್ರಭಾ ಕಾಲವಿ ಬಂದ ಮ್ಯಾಲ ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಅಭಿವೃದ್ಧಿ ಕರ ಕಟ್ಟು ಅಂದ್ರು. 1980ರ ಜುಲೈ 21ಕ್ಕ ನವಲಗುಂದ, ನರಗುಂದದಾಗ ರೈತರು ಎದ್ರು, ಗೋಲಿಬಾರ್ ಆತು, ಜೀವ ಹೋದ್ವು. ಆಗ ನಾ ಸಾಲಿ ಹುಡುಗಿ. ಹಿರ್ಯಾರು ಅಂತಿದ್ದ ಮಾತು ಕಿವ್ಯಾಗ ಐತಿ: ನೀರು ಅಳಿಯದ ಲೆಕ್ಕ ಹಚ್ಚಬಾರದು. ಅದ ತಪ್ಪು ನಾವು ನಮ್ಮ ಅಂಗಳದಾಗ ಒಂದು ಹುಡುಗನ ಮ್ಯಾಲ ಮಾಡಿದ್ವಿ.

ಹುಡುಗ ಹೋದ ಮ್ಯಾಲ ನಮ್ಮವರು ಪರಿಚಯದವರ ಜೋಡಿ ಹುಬ್ಬಳ್ಳಿಯ ಒಂದು ಗ್ಯಾರೇಜಿಗೆ ಗಾಡಿ ಒಯ್ದರು. ಅಲ್ಲೆ ಬಾನೆಟ್ ಎತ್ತಿ ನೋಡಿ, ‘ಹೆಡ್ ಗ್ಯಾಸ್ಕೆಟ್ ಹೋಗೇತಿ, ಇಂಜಿನ್ ಬಿಚ್ಚಬೇಕು, ಇಪ್ಪತ್ತೆಂಟು ಸಾವಿರ’ ಅಂದ್ರಂತ. ಯಾವ ಪರೀಕ್ಷಾನೂ ಇಲ್ಲ. ಕಡ್ಲಿ ಮಾರಿದ ರೊಕ್ಕದಾಗ ಅಷ್ಟು ತಗದು ಕೊಡೂದು ಅಂದ್ರ ನನ್ನ ಹೊಟ್ಟ್ಯಾಗ ಸಂಕಟ ಆತು. ಒಂದು ತಿಂಗಳು ತಡೀರಿ ಅಂದೆ. ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರ್ ಐತಲ್ಲ, ಅದರಾಗ ಗಾಡಿ ನೀರಿನ ಲೆಕ್ಕಾನೂ ಬರೀಲಿಕ್ಕೆ ಶುರು ಮಾಡಿದೆ.

ದಿನಾ ಮುಂಜಾನೆ ಇಂಜಿನ್ ತಣ್ಣಗಿದ್ದಾಗ ಬಾಟ್ಲಿ ನೋಡೋದು. ಕಾದಾಗ ನೋಡಿದ್ರ ಲೆಕ್ಕ ತಪ್ಪತೈತಿ, ಯಾಕಂದ್ರ ಕಾದ ನೀರು ಹಿಗ್ಗಿರತೈತಿ. ನೀರಿದ್ದಲ್ಲಿಗೆ ಬಿಳೇ ಟೇಪು ಹಚ್ಚಿದೆ. ರಾತ್ರಿ ಗಾಡಿ ಕೆಳಗ ರಟ್ಟಿನ ಹಾಳಿ ಹಾಸಿದೆ. ಎಷ್ಟು ದೂರ ಹೋಗಿ ಬಂದ್ವಿ, ಎಷ್ಟು ನೀರು ಹಾಕಿದ್ವಿ, ಎಲ್ಲಾ ಬರದೆ. ಗಾಡಿ ಹೊಡೆಯೋದು ನನ್ನ ಮೈದುನನ ಮಗ.

ಮೊದಲನೇ ವಾರದಾಗ ಒಂದು ಸಂಗತಿ ತಿಳೀತು. ಹುಡುಗ ಇಲ್ಲ, ಆದ್ರೂ ನೀರು ಅಷ್ಟ ಕಡಿಮಿ ಆಗತೈತಿ. ಕ್ಯಾಲೆಂಡರ್ ನಮ್ಮವರ ಮುಂದ ಹಿಡದೆ. ಅವರು ನೋಡಿದ್ರು, ಏನೂ ಅನ್ನಲಿಲ್ಲ. ಆವತ್ತು ಊಟಾನೂ ಅರ್ಧಾ ಬಿಟ್ಟು ಎದ್ರು.

ಎರಡನೇದು, ಗಾಡಿ ನಾಲ್ಕು ದಿನ ನಿಂತಾಗ ನೀರು ಇಳಿಯಲಿಲ್ಲ. ಹುಬ್ಬಳ್ಳಿಗೆ ಹೋಗಿ ಬಂದ ಮರದಿನ ಇಳೀತು. ಅಂದ್ರ ಒತ್ತಡ ಬಂದಾಗ ಮಾತ್ರ ಹೋಗತೈತಿ. ರಟ್ಟು ಒಣಗಿದ್ದು ಒಣಗೇ ಇತ್ತು. ಏಸಿ ಹಚ್ಚಿದಾಗ ಗಾಡಿ ಕೆಳಗ ಹನಿ ಬೀಳತಿದ್ವು. ಬೆರಳಿಗೆ ಹಚ್ಚಿ ನೋಡಿದ್ರ ಸಾದಾ ನೀರು, ಜಿಗಟಿಲ್ಲ, ಬಣ್ಣಿಲ್ಲ. ಅದು ಗಾಳಿಯೊಳಗಿನ ತೇವ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಮೂರನೇದು ನನಗ ತಡಾ ಆಗಿ ಹೊಳೀತು. ನಾ ಕೂಡೋದು ಮುಂದಿನ ಎಡಗಡೆ ಸೀಟಿನ ಮ್ಯಾಲ. ಮನಿಗೆ ಬಂದು ಸೀರಿ ಬಿಚ್ಚುವಾಗ ಕೆಳಗಿನ ಅಂಚು ಜಿಗಿಜಿಗಿ ಅಂತಿತ್ತು. ಮೊಮ್ಮಗಳು ಪಾನಕಾ ಚೆಲ್ಲ್ಯಾಳ ಅಂದುಕೊಂಡು ಒಗೀತಿದ್ದೆ. ಗಾಡಿಯೊಳಗ ಬೆಲ್ಲದ ಪಾಕದಂಥ ವಾಸನಿ. ಚಳಿಯ ಮುಂಜಾನೆ ಮುಂದಿನ ಗಾಜಿನ ಒಳಮೈಗೆ ಎಣ್ಣಿ ಪಸಿಯಂಥ ಮಬ್ಬು, ಅರಬಿಯಿಂದ ಒರಸಿದ್ರ ಬಳಕೋತಿತ್ತು, ಹೋಗತಿರಲಿಲ್ಲ. ಇಷ್ಟೂ ತಿಂಗಳುಗಟ್ಟಲೆ ಕಣ್ಣ ಮುಂದ ಇದ್ವು. ಒಂದು ಮಾತು: ವಾಸನಿ ಸಿಹಿ ಐತಿ ಅಂತ ಯಾರೂ ನಾಲಿಗಿಗೆ ಹಚ್ಚಬ್ಯಾಡ್ರಿ. ಗ್ಲೈಕಾಲ್ ವಿಷ. ಸಣ್ಣ ಹುಡುಗರು, ನಾಯಿ ಸಿಹಿ ಅಂತ ನೆಕ್ಕತಾವ. ಡಬ್ಬಿ ಎತ್ತರದಾಗ ಇಡ್ರಿ, ಚೆಲ್ಲಿದ್ರ ತೊಳೀರಿ.

ಕ್ಯಾಲೆಂಡರ್ ಹಿಡಕೊಂಡು ನವಲಗುಂದದ ಒಬ್ಬ ವಯಸ್ಸಾದ ಮೇಸ್ತ್ರಿ ಹಂತೇಕ ಹೋದ್ವಿ. ಅವರು ಅದನ್ನ ಡಾಕ್ಟರ ಚೀಟಿ ಓದಿದಂಗ ಪೂರಾ ಓದಿದ್ರು. ಇಂಜಿನ್ ಎಣ್ಣಿ ಕಡ್ಡಿ ಎಳದು ನೋಡಿದ್ರು. ನೀರು ಕೂಡಿದ್ರ ಎಣ್ಣಿ ಮಜ್ಜಿಗಿ ಬಣ್ಣ ಆಗತೈತಂತ, ನಮ್ಮದು ಕರ್ರಗ ಇತ್ತು. ಆಮ್ಯಾಲ ರೇಡಿಯೇಟರ್ ಬಾಯಿಗೆ ಗಾಜಿನ ನಳಿಗೆ ಇಟ್ರು, ಅದರಾಗ ನೀಲಿ ದ್ರವ. ಹೆಡ್ ಗ್ಯಾಸ್ಕೆಟ್ ಸೀಳಿದ್ರ ಸುಟ್ಟ ಹೊಗಿ ನೀರಿನ್ಯಾಗ ಬರತೈತಿ, ಅದು ತಾಗಿದ್ರ ನೀಲಿ ಹೋಗಿ ಹಳದಿ ಆಗತೈತಿ. ನಮ್ಮದು ನೀಲಿನ ಉಳೀತು. ಇಪ್ಪತ್ತೆಂಟು ಸಾವಿರ ಅಲ್ಲೇ ಉಳೀತು.

ಇಂಜಿನ್ ಪೂರಾ ಆರಿದ ಮ್ಯಾಲ ಮುಚ್ಚಳದ ಜಾಗಾಕ್ಕ ಸಣ್ಣ ಕೈಪಂಪು ಹಚ್ಚಿ, ಮುಚ್ಚಳದ ಮ್ಯಾಲ ಬರದಷ್ಟ ಒತ್ತಡ ಕೊಟ್ಟರು. ಅದರ ಮುಳ್ಳು ನಿಂತಲ್ಲೆ ನಿಲ್ಲಬೇಕು. ಹತ್ತು ನಿಮಿಷದಾಗ ಅದು ಸಾವಕಾಶ ಇಳೀತು. ಹೋಸ್, ಕ್ಲಿಪ್ಪು, ಪಂಪಿನ ಕೆಳಗಿನ ಸಣ್ಣ ತೂತು, ರೇಡಿಯೇಟರಿನ ಮೂಲಿ, ಎಲ್ಲಾ ಬ್ಯಾಟರಿ ಹಾಕಿ ನೋಡಿದ್ರು. ಎಲ್ಲಾ ಒಣಾ. ಆಮ್ಯಾಲ ನನ್ನ ಸೀಟಿನ ಮುಂದಿನ ಮ್ಯಾಟು ಎತ್ತಿ, ಅದರ ಕೆಳಗಿನ ದಪ್ಪ ಹಾಸು ಹಿಂಡಿದ್ರು. ಹಸರು ನೀರು ಬೆರಳ ಸಂದಿಯಿಂದ ಇಳೀತು.

ಹೀಟರ್ ಕೋರ್ ತೂತಾಗಿತ್ತು. ಡ್ಯಾಶ್‌ಬೋರ್ಡಿನ ಒಳಗ ಇರೋ ಪುಟ್ಟ ರೇಡಿಯೇಟರ್ ಅದು. ಯಮನೂರಾಗ ಕಾರಿಗೆ ಹೀಟರ್ ಹಚ್ಚೋರು ಯಾರ್ರಿ? ನಾವು ಹನ್ನೊಂದು ವರ್ಷದಾಗ ಒಮ್ಮೆನೂ ಹಚ್ಚಿಲ್ಲ. ಆದ್ರ ಭಾಳಷ್ಟು ಗಾಡ್ಯಾಗ ಗುಂಡಿ ತಿರುವಿದ್ರ ಬದಲಾಗೋದು ಗಾಳಿ ದಾರಿ ಮಾತ್ರ, ಬಿಸಿನೀರು ಅದರಾಗ ಯಾವಾಗಲೂ ಹರೀತಿರತೈತಿ. ಬಳಸದ ಸಾಮಾನಾನೂ ಸವೀತೈತಿ.

ತೂತು ಯಾಕ ಬಿತ್ತು ಅಂತ ಕೇಳಿದೆ. ಮೇಸ್ತ್ರಿ ಬಿಚ್ಚಿದ ಕೋರ್ ತೋರಿಸಿದ್ರು. ಒಳಗ ಚಾ ಕಿಟ್ಲಿ ತಳಕ್ಕ ಕಟ್ಟೋಹಂಗ ಬಿಳೇ ಕಿಟ್ಟ, ಅದರ ಕೆಳಗ ತಿಂದು ತಿಂದು ಸಣ್ಣಾದ ಲೋಹ. ‘ಬೋರಿನ ನೀರು ಹಾಕ್ಯಾರ್ರೀ’ ಅಂದ್ರು. ನಮ್ಮ ಎರಿ ಹೊಲದ ನಾಡಿನಾಗ ಬೋರಿನ ನೀರು ಸವಳು. ಅದಕ್ಕ ಹಿಂದಿನವರು ಕುಡಿಯೋದಕ್ಕ ಕೆರಿ ಕಟ್ಟಿಕೊಂಡಿದ್ರು, ಬ್ಯಾಳಿ ಬೇಯಿಸಲಿಕ್ಕೂ ಕೆರಿ ನೀರು ಬೇಕು. ಹುಡುಗ ಬರೋಕ್ಕಿಂತ ಮೊದಲ ಗಾಡಿಗೆ ನೀರು ಹಾಕತಿದ್ದವರು ನಮ್ಮವರು. ನಳದ ಪೈಪು ಹಚ್ಚಿ ಹಾಕತಿದ್ರು. ನೀರು ನೀರ ಅಲ್ಲೇನು ಅಂತಿದ್ರು. ಕುದ್ದು ಹೋಗೋ ಹಳೇ ಜೀಪಿಗೆ ಹಳ್ಳದ ನೀರು ನಡೀತಿತ್ತು. ಸಣ್ಣ ನಳಿಗೆಯ ಈ ಗಾಡಿಗೆ ಅದು ನಡಿಯಲಿಲ್ಲ. ಹುಡುಗ ಅಂಗಡಿಯಿಂದ ಕೂಲಂಟ್ ತಂದು ಹಾಕಿದ್ದ ಸರಿ ಇತ್ತು.

ಮೊದಲ ಒಂದು ವಾರ ಹೀಟರಿಗೆ ಹೋಗೋ ಎರಡೂ ಪೈಪನ್ನ ಒಂದಕ್ಕೊಂದು ಕೂಡಿಸಿ ಗಾಡಿ ಓಡಿಸಿದ್ವಿ, ರೋಗ ಇದ ಹೌದೋ ಅಲ್ಲೋ ತಿಳೀಲಿ ಅಂತ. ಟೇಪಿನ ಗೆರಿಯಿಂದ ನೀರು ಇಳಿಯಲಿಲ್ಲ. ಆಮ್ಯಾಲ ಡ್ಯಾಶ್‌ಬೋರ್ಡ್ ಬಿಚ್ಚಿ ಹೊಸಾ ಕೋರ್ ಹಾಕಿಸಿದ್ವಿ, ಮಳಿಗಾಲದಾಗ ಗಾಜಿನ ಮಬ್ಬು ಬಿಡಿಸಲಿಕ್ಕಾದ್ರೂ ಬೇಕು. ಒಳಗ ಪೂರಾ ತೊಳದು, ಕೂಲಂಟ್ ಅರ್ಧಾ, ಡಿಸ್ಟಿಲ್ಡ್ ನೀರು ಅರ್ಧಾ ತುಂಬಿ, ಸಿಕ್ಕಿಬಿದ್ದ ಗಾಳಿ ಬಿಡಿಸಿದ್ರು. ಮುಚ್ಚಳದ ರಬ್ಬರ್ ಬಿರುಸಾಗಿತ್ತು, ಅದನ್ನೂ ಬದಲಿ ಮಾಡಿದ್ರು. ಎಲ್ಲಾ ಕೂಡಿ ಏಳು ಸಾವಿರದೊಳಗ ಮುಗೀತು.

ಗಾಡಿ ಕೆಲಸ ಮುಗೀತು. ನಮ್ಮ ಕೆಲಸ ಉಳಿದಿತ್ತು.

ಒಂದು ಸಂಜೀಕ ಇಬ್ಬರೂ ಆ ಹುಡುಗನ ಮನಿಗೆ ಹೋದ್ವಿ. ಶೇಂಗಾ ಹೋಳಿಗಿ ಒಯ್ದಿದ್ದೆ. ಅವರವ್ವ ಚಾಪಿ ಹಾಸಿದಳು, ಆದ್ರ ಮಾತಾಡಲಿಲ್ಲ. ನಮ್ಮವರು ಭಾಳ ಹೊತ್ತು ನೆಲಾ ನೋಡಿ, ‘ತೂತು ಸಿಕ್ತಪಾ. ತಪ್ಪು ನಂದು’ ಅಂದ್ರು. ಮೂವತ್ತು ವರ್ಷದ ಮ್ಯಾಲಿನ ಸಂಸಾರದಾಗ ಈ ಮಾತು ಅವರ ಬಾಯಾಗ ಕೇಳಿದ್ದು ಇದ ಮೊದಲ. ಹುಡುಗ ಎಲ್ಲಿ ತೂತು ಅಂತ ಕೇಳಿದ. ಹೇಳಿದ್ವಿ. ಸ್ವಲ್ಪ ಸುಮ್ಮನಿದ್ದು ಅಂದ, ‘ನಾ ಅವತ್ತ ಹೇಳಾಕ ಬಂದಿದ್ನಿರೀ ಕಾಕಿ, ಗಾಡಿಯೊಳಗ ಬೆಲ್ಲದ ವಾಸನಿ ಬರತೈತಿ ಅಂತ. ಕಾಕಾ ಕೇಳಲಿಲ್ಲ.’

ನಾ ಏನು ಅನ್ನಲಿ? ನನ್ನ ಸೀರಿ ಅಂಚಿನ್ಯಾಗ ಇದ್ದದ್ದು ನನಗ ತಿಳೀಲಿಲ್ಲ, ಅವಗ ತಿಳಿದಿತ್ತು. ಅಂವ ಆಗಲೇ ಬ್ಯಾರೆ ಗಾಡಿಗೆ ಹೊಂಟಿದ್ದ, ನಮ್ಮ ಹಂತೇಕ ತಿರುಗಿ ಬರಲಿಲ್ಲ. ಬರಬೇಕು ಅಂತ ನಾವೂ ಕೇಳಲಿಲ್ಲ. ಓಣ್ಯಾಗ ಸಿಕ್ಕರ ಮಾತಾಡಸ್ತಾನ. ಹೋಳಿಗಿ ಡಬ್ಬಿ ತೊಳದು, ಅದರಾಗ ಒಂದಿಷ್ಟು ಕಡ್ಲಿ ಹಾಕಿ ಅವರವ್ವ ತಿರುಗಿ ಕಳಿಸಿದಳು. ಬರೇ ಡಬ್ಬಿ ಕಳಿಸಬಾರದು ಅಂತ ನಮ್ಮ ಕಡೆ ಪದ್ಧತಿ.

ನಿಮ್ಮ ಗಾಡಿ ನೀರು ಕಡಿಮಿ ಆದ್ರ ತಣ್ಣಗಿದ್ದಾಗ ಗೆರಿ ನೋಡ್ರಿ, ಬರದಿಡ್ರಿ. ಮ್ಯಾಟು ಎತ್ತಿ ಮುಟ್ಟಿ ನೋಡ್ರಿ. ಪರೀಕ್ಷಾ ಮಾಡದ ಇಂಜಿನ್ ಬಿಚ್ಚಲಿಕ್ಕೆ ಒಪ್ಪಬ್ಯಾಡ್ರಿ. ಗಾಡಿ ದಿನಾ ಹೊಡೆಯೋರು ಏನರ ಹೇಳಲಿಕ್ಕೆ ಬಂದ್ರ ರೊಟ್ಟಿ ಬಿಟ್ಟು ಹೊರಗ ಬಂದು ಕೇಳ್ರಿ. ಆ ಕ್ಯಾಲೆಂಡರಿನ ಹಾಳಿ ನಾ ಇನ್ನೂ ಹರದಿಲ್ಲ, ಅಡಗಿಮನಿ ಬಾಗಲದ ಹಿಂದ ಹಂಗ ಐತಿ.